ಲೂಯಿ ಆರ್ಮ್‌ಸ್ಟ್ರಾಂಗ್ ತುಟಿ ಸೀಳಿದ್ದೇಕೆ? ಟ್ರಂಪೆಟ್ ಮೌತ್‌ಪೀಸ್‌ನ ಹಿಂದಿನ ವಿಜ್ಞಾನ

ಕೆನ್ನೆ ಉಬ್ಬಿಸಿ ಜೋರಾಗಿ ಊದಿದರೆ ಟ್ರಂಪೆಟ್ ನುಡಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ನಾದ ಹುಟ್ಟುವುದು ತುಟಿಗಳ ಕಂಪನದಿಂದ. ಆ ಕಂಪನವನ್ನು ಕೊಳವೆಗೆ ದಾಟಿಸುವುದು ಮೌತ್‌ಪೀಸ್ ಎಂಬ ಪುಟ್ಟ ಲೋಹದ ಬಟ್ಟಲು. ಅದನ್ನು ತುಟಿಗೆ ಅತಿಯಾಗಿ ಒತ್ತಿದರೆ ಏನಾಗುತ್ತದೆ ಎಂಬುದಕ್ಕೆ ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಬದುಕೇ ಉದಾಹರಣೆ.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬಡ ಕುಟುಂಬದಲ್ಲಿ. 1912ರ ಕೊನೆಯ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ್ದಕ್ಕೆ ಬಾಲಕನನ್ನು ಸುಧಾರಣಾ ಗೃಹಕ್ಕೆ ಕಳುಹಿಸಲಾಯಿತು. ಅಲ್ಲಿನ ಬ್ಯಾಂಡ್‌ನಲ್ಲಿ ಟ್ರಂಪೆಟ್‌ನ ಸೋದರವಾದ್ಯ ಕಾರ್ನೆಟ್ ಕೈಗೆ ಬಂತು. 1922ರಲ್ಲಿ ಕಿಂಗ್ ಆಲಿವರ್ ಅವರ ತಂಡ ಸೇರಲು ಷಿಕಾಗೋಗೆ ಹೋದರು. ಮುಂದೆ ಟ್ರಂಪೆಟ್‌ಗೆ ಬದಲಾದರು. 1928ರ ಹೊತ್ತಿಗೆ ಅವರ ಧ್ವನಿಮುದ್ರಣಗಳು ಜಾಝ್‌ನ ದಿಕ್ಕನ್ನೇ ಬದಲಿಸಿದ್ದವು.

ಎತ್ತರದ ಸ್ವರಗಳನ್ನು ಒಂದರ ಹಿಂದೊಂದು ನುಡಿಸಿ ಸಭಿಕರನ್ನು ಬೆರಗುಗೊಳಿಸುವುದು ಅವರ ಹೆಗ್ಗಳಿಕೆ. ಅದಕ್ಕೆ ತುಟಿ ಬೆಲೆ ತೆತ್ತಿತು. ಮೌತ್‌ಪೀಸನ್ನು ಬಲವಾಗಿ ಒತ್ತಿದಾಗ ತುಟಿಗೆ ರಕ್ತ ಸಂಚಾರ ಕುಗ್ಗುತ್ತದೆ, ಸ್ನಾಯು ಬೇಗ ದಣಿಯುತ್ತದೆ. ದಣಿದಷ್ಟೂ ವಾದಕ ಇನ್ನಷ್ಟು ಒತ್ತುತ್ತಾನೆ. 1933ರಲ್ಲಿ ಲಂಡನ್‌ನಲ್ಲಿ ನುಡಿಸುವಾಗ ಅವರ ತುಟಿ ಸೀಳಿ ರಕ್ತ ಬಂತು. 1934ರಲ್ಲಿ ಪ್ಯಾರಿಸ್‌ನಲ್ಲಿ ಹಲವು ತಿಂಗಳು ವಿಶ್ರಾಂತಿ ಪಡೆಯಬೇಕಾಯಿತು. ಆಮೇಲೂ ತುಟಿಯ ತೊಂದರೆ ಬಿಡಲಿಲ್ಲ. ಜರ್ಮನಿಯಲ್ಲಿ ತಯಾರಾಗುತ್ತಿದ್ದ ಒಂದು ಮುಲಾಮು ಅವರ ಸಂಗಾತಿಯಾಯಿತು.

ಹಾಗಾದರೆ ಮೌತ್‌ಪೀಸ್ ಆಯ್ಕೆ ಹೇಗೆ? ಟ್ರಂಪೆಟ್ ಮೌತ್‌ಪೀಸ್‌ನ ಒಳ ಅಗಲ ಸಾಮಾನ್ಯವಾಗಿ 16ರಿಂದ 17 ಮಿಲಿಮೀಟರ್. ಬಟ್ಟಲು ಆಳವಿದ್ದರೆ ನಾದ ಗಂಭೀರ. ಆಳ ಕಡಿಮೆಯಿದ್ದರೆ ನಾದ ಚುರುಕು, ಎತ್ತರದ ಸ್ವರಗಳು ತುಸು ಸುಲಭ. ಅಂಚು ಅಗಲವಾಗಿದ್ದರೆ ಒತ್ತಡ ಹರಡಿಕೊಳ್ಳುತ್ತದೆ, ಆದರೆ ತುಟಿಯ ಚಲನೆಗೆ ಅಡ್ಡಿಯಾಗಬಹುದು. ತುಟಿಯ ದಪ್ಪ, ಹಲ್ಲುಗಳ ಜೋಡಣೆ ಎಲ್ಲರಿಗೂ ಬೇರೆ ಬೇರೆ. ಆದ್ದರಿಂದ ಪ್ರಸಿದ್ಧರು ಬಳಸಿದ್ದೇ ನಮಗೂ ಸರಿ ಎಂಬುದು ಮಿಥ್ಯೆ. ಅಂಗಡಿಯಲ್ಲಿ ಐದು ನಿಮಿಷ ಊದಿ ತೀರ್ಮಾನಿಸಬಾರದು. ತುಟಿ ದಣಿದಾಗಲೂ ನುಡಿಸಿ ನೋಡಬೇಕು. ಯಾವ ಮೌತ್‌ಪೀಸೂ ಅತಿಯಾಗಿ ಒತ್ತುವ ಅಭ್ಯಾಸವನ್ನು ಬಿಡಿಸದು. ನೋವು, ಮರಗಟ್ಟುವಿಕೆ ಮುಂದುವರಿದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ವಯಸ್ಸಾದಂತೆ ಆರ್ಮ್‌ಸ್ಟ್ರಾಂಗ್ ಹೆಚ್ಚು ಹೆಚ್ಚು ಹಾಡತೊಡಗಿದರು. 1964ರಲ್ಲಿ, 62ನೇ ವಯಸ್ಸಿನಲ್ಲಿ, ಅವರ 'ಹಲೋ, ಡಾಲಿ!' ಬೀಟಲ್ಸ್ ಹಾಡನ್ನು ಹಿಂದಿಕ್ಕಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. 1971ರಲ್ಲಿ ಅವರು ತೀರಿಕೊಂಡರು. ಬಾಯಿಯ ಸುತ್ತ ಉಂಗುರದಂತಿರುವ ಸ್ನಾಯು ಹರಿಯುವ ತೊಂದರೆಗೆ 1982ರಲ್ಲಿ ವೈದ್ಯಲೋಕ ಇಟ್ಟ ಹೆಸರು 'ಸ್ಯಾಚ್ಮೊ ಸಿಂಡ್ರೋಮ್'. ಸ್ಯಾಚ್ಮೊ ಎಂಬುದು ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರು.