ಮಜಗಾಂವಿನ ರಾಜಮಾತೆಯ ಕುದುರೆಲಾಯ

ಧಾರಾವಿಯಿಂದ ನಡೆದು ಬಂದು ಮಾಹಿಮದಲ್ಲಿ ಚರ್ಚ್‌ಗೇಟಿನ ಗಾಡಿ ಹತ್ತುವ ನಮ್ಮ ಬಂಧುಗಳಿಗೆ ಮಹಾಲಕ್ಷ್ಮಿ ನಿಲ್ದಾಣದ ಬಲಗಡೆಗಿರುವ ವಿಶಾಲವಾದ ಹಸುರು ಬಯಲು ಅಪರಿಚಿತವಲ್ಲ. ಮುಂಬಯಿಯ ಕುದುರೆಯೋಟ ಬೈಕಲಾದ ಹಳೆಯ ಮೈದಾನವನ್ನು ಬಿಟ್ಟು ಈ ಬಯಲಿಗೆ ಬಂದುದು 1883ರಲ್ಲಿ. ಅದರ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಜೂಜು; ತಿಂಗಳ ಸಂಬಳವನ್ನು ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಂಡು, ಊರಿಗೆ ಮನಿಯಾರ್ಡರು ಕಳುಹಿಸಲಾಗದೆ ಮುಖ ಮರೆಸಿಕೊಂಡವರ ಕಥೆ. ಆ ಕಥೆ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಪಣ ಕಟ್ಟುವವನ ಬಾಳು ಬೇರೆ, ಕುದುರೆ ಸಾಕುವವನ ಬಾಳು ಬೇರೆ. ಮೊದಲನೆಯವನಿಗೆ ಎರಡು ನಿಮಿಷದ ಆತಂಕ. ಎರಡನೆಯವನಿಗೆ ವರ್ಷದ ಮುನ್ನೂರರವತ್ತೈದು ದಿನವೂ ಹುಲ್ಲು, ಕಾಳು, ಲಾಳ, ಸಂಬಳ, ರೋಗ, ಲೆಕ್ಕ. ಈ ಎರಡನೆಯ ಬಗೆಯ ಬಾಳನ್ನು ತಾನಾಗಿ ಬಯಸದೆ, ವೈಧವ್ಯದೊಡನೆ ಪಡೆದು, ಅದನ್ನು ಕೆಡದಂತೆ ಕಾಯ್ದುಕೊಂಡ ಒಬ್ಬ ಮಹಿಳೆ ಈ ಮುಂಬಯಿಯಲ್ಲೇ ಇದ್ದರು. ಜನ ಅವರನ್ನು ಲೇಡಿ ಅಲೀ ಶಾ ಎಂದು ಕರೆಯುತ್ತಿದ್ದರು.

ಅವರ ಹೆಸರು ಶಂಸುಲ್ ಮುಲೂಕ್. ಇರಾನ ದೇಶವನ್ನು 1797ರಿಂದ 1834ರ ವರೆಗೆ ಆಳಿದ ಕಾಜಾರ್ ವಂಶದ ಅರಸ ಫತಹ್ ಅಲೀ ಶಾ ಅವರ ತಾಯಿಯ ತಂದೆ. ಅವರ ಕೈ ಹಿಡಿದ ಆಗಾ ಅಲೀ ಶಾ ಕೂಡ ಅದೇ ಅರಸನ ಇನ್ನೊಬ್ಬ ಮಗಳ ಮಗ. ಹೀಗೆ ಗಂಡ ಹೆಂಡಿರಿಬ್ಬರೂ ಒಬ್ಬನೇ ಅರಸನ ಮೊಮ್ಮಕ್ಕಳು. ಮುಂಬಯಿಯ ಬೀದಿ ಮೂಲೆಗಳಲ್ಲಿ ಚಹಾದ ಅಂಗಡಿ ತೆರೆದ ಇರಾನಿಗಳನ್ನು ನಾವೆಲ್ಲ ಬಲ್ಲೆವು. ಅವರಿಗಿಂತ ಬಹಳ ಮೊದಲೇ, ಬೇರೊಂದು ದಾರಿಯಿಂದ ಈ ಊರಿಗೆ ಬಂದಿಳಿದ ಇರಾನಿ ಮನೆತನವಿದು.

ಮನೆತನದ ಹಿರಿಯ ಹಸನ್ ಅಲೀ ಶಾ, ಅಂದರೆ ಮೊದಲನೆಯ ಆಗಾ ಖಾನರು, ಕಿರ್ಮಾನ್ ಪ್ರಾಂತದ ಅಧಿಕಾರಿಯಾಗಿದ್ದು, ಇರಾನದ ದೊರೆಯೊಡನೆ ಕಾದಾಡಿ ಸೋತು, ಕುದುರೆಸವಾರರ ತಂಡದೊಡನೆ ಆಫ್ಘಾನಿಸ್ಥಾನವನ್ನು ದಾಟಿ 1842ರಲ್ಲಿ ಸಿಂಧಕ್ಕೂ, 1846ರಲ್ಲಿ ಮುಂಬಯಿಗೂ ಬಂದರು. ಇಲ್ಲಿನ ಖೋಜಾ ಇಸ್ಮಾಯಿಲಿ ಜನರಿಗೆ ಅವರು ಗುರುಪೀಠದ ಇಮಾಮರು. ಸಮಾಜದ ಸ್ವತ್ತು ಯಾರ ಅಧೀನವೆಂಬ ವ್ಯಾಜ್ಯ ಮುಂಬಯಿ ಹೈಕೋರ್ಟಿನಲ್ಲಿ 1866ರಲ್ಲಿ ಅವರ ಪರವಾಗಿ ತೀರ್ಮಾನವಾಯಿತು. ಅಲ್ಲಿಂದ ಮಜಗಾಂವಿನ ಆಗಾ ಹಾಲ್ ಒಂದು ಚಿಕ್ಕ ದರಬಾರಿನಂತೆ ಬೆಳೆಯಿತು. ದೇಶ ಬಿಟ್ಟು ಬಂದ ಸವಾರರು, ಅವರ ಮಕ್ಕಳು, ನೆಂಟರಿಷ್ಟರು, ಸೇವಕರು, ಮುದುಕಿಯರು ಎಲ್ಲರೂ ಆ ಮನೆಯ ಅನ್ನವನ್ನೇ ನಂಬಿದವರು. ಬೇಟೆಯ ನಾಯಿಗಳು, ಪಳಗಿಸಿದ ಗಿಡುಗಗಳು, ಮತ್ತು ಎಲ್ಲಕ್ಕೂ ಮಿಗಿಲಾಗಿ ಕುದುರೆಗಳು. ಕುದುರೆಯ ಬೆನ್ನ ಮೇಲೆಯೇ ರಾಜ್ಯವನ್ನು ಕಳೆದುಕೊಂಡು, ಕುದುರೆಯ ಬೆನ್ನ ಮೇಲೆಯೇ ಪ್ರಾಣವನ್ನು ಉಳಿಸಿಕೊಂಡು ಬಂದ ಮನೆತನಕ್ಕೆ ಆ ಪ್ರಾಣಿಯ ಮೇಲೆ ಇದ್ದ ಮೋಹವನ್ನು ನಾವು ಬರಿಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ.

ಆಗಿನ ಮುಂಬಯಿ ಕುದುರೆಗಳ ಪೇಟೆಯೂ ಆಗಿದ್ದಿತು. ಕೊಲ್ಲಿಯ ಕಡೆಯಿಂದ ಅರಬೀ ಕುದುರೆಗಳು ಹಡಗಿನಲ್ಲಿ ಬಂದು ಇಲ್ಲಿ ಮಾರಾಟವಾಗುತ್ತಿದ್ದವು. ಆಸ್ಟ್ರೇಲಿಯದಿಂದ ವೇಲರ್ ಎಂಬ ತಳಿ ಬರುತ್ತಿದ್ದಿತು. 1874ರಿಂದ ಬಹಳ ವರ್ಷ ಊರಿನ ಟ್ರಾಮನ್ನು ಎಳೆದದ್ದೂ ಕುದುರೆಯೇ. ನಮ್ಮ ನಾಡಿಗೂ ಈ ವ್ಯಾಪಾರ ಹೊಸದಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ಇದೆ. ಶಿರಾಜಿನಿಂದ ಬಂದು ಬೆಂಗಳೂರಿನಲ್ಲಿ ಕುದುರೆ ವ್ಯಾಪಾರ ಮಾಡಿ, 1891ರಲ್ಲಿ ಅಲ್ಲೇ ಮಣ್ಣಾದ ಅಲಿ ಅಸ್ಕರರ ಹೆಸರಿನ ರಸ್ತೆ ಇಂದಿಗೂ ಇದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಅವರ ಮೊಮ್ಮಗನೆಂಬುದು ಹಲವರಿಗೆ ತಿಳಿದಿರಲಾರದು.

ಮೊದಲನೆಯ ಆಗಾ ಖಾನರು 1881ರಲ್ಲಿ ತೀರಿಕೊಂಡರು. ಪೀಠಕ್ಕೆ ಬಂದ ಆಗಾ ಅಲೀ ಶಾ ನಾಲ್ಕೇ ವರ್ಷ ಬಾಳಿದರು. ಆ ಮನೆಗೆ ಬಂದ ಕೇಡುಗಳು ಒಂದರ ಹಿಂದೆ ಒಂದಾಗಿ ಬಂದವು. 1884ರ ಕೊನೆಯಲ್ಲಿ ಹಿರಿಯ ಹೆಂಡತಿಯ ಮಗ ಶಿಹಾಬುದ್ದೀನ್ ಶಾ ತೀರಿಕೊಂಡ. ಅದೇ ಸುಮಾರಿಗೆ ಇನ್ನೊಬ್ಬ ಮಗ ನೂರ್ ಶಾ ಕುದುರೆ ಸವಾರಿಯಲ್ಲಿ ಪೆಟ್ಟಾಗಿ ಸತ್ತ. 1885ರ ಆಗಸ್ಟಿನಲ್ಲಿ ಪುಣೆಯ ಹತ್ತಿರ ನೀರುಹಕ್ಕಿಗಳ ಬೇಟೆಗೆ ಹೋಗಿದ್ದ ಆಗಾ ಅಲೀ ಶಾ ಶೀತ ತಗಲಿ, ನ್ಯುಮೋನಿಯಾ ಆಗಿ ಕಣ್ಣು ಮುಚ್ಚಿದರು. ಅವರ ಶರೀರವನ್ನು ಇರಾಕಿನ ನಜಫ್ ಕ್ಷೇತ್ರಕ್ಕೆ ಒಯ್ದು ಮಣ್ಣುಮಾಡಲಾಯಿತು. ಉಳಿದವನು ಶಂಸುಲ್ ಮುಲೂಕರ ಮಗ ಸುಲ್ತಾನ್ ಮಹಮ್ಮದ್ ಶಾ ಒಬ್ಬನೇ. 1877ರ ನವೆಂಬರ 2ರಂದು ಕರಾಚಿಯಲ್ಲಿ ಹುಟ್ಟಿದ ಆ ಹುಡುಗನಿಗೆ ಇನ್ನೂ ಎಂಟು ತುಂಬಿರಲಿಲ್ಲ. ಅವನೇ ಮೂರನೆಯ ಆಗಾ ಖಾನ್.

ಒಂದು ಕ್ಷಣ ಆ ತಾಯಿಯ ಸ್ಥಿತಿಯನ್ನು ನೆನೆಯಬೇಕು. ದೇಶ ತನ್ನದಲ್ಲ, ಮಾತು ತನ್ನದಲ್ಲ. ಮನೆಯಲ್ಲಿ ಮಾತಾಡುವುದು ಫಾರಸಿ, ಹೊರಗೆ ಗುಜರಾತಿ, ಕಚೇರಿಯಲ್ಲಿ ಇಂಗ್ಲಿಷ್. ಮಗ ಎಳೆಯವನು. ಮೈದುನ ಜಂಗೀ ಶಾ ಪೋಷಕನಾಗಿ ನಿಂತರೂ ಮನೆಯೊಳಗಿನ ಭಾರವೆಲ್ಲ ಅವರದೇ. ಸ್ವತ್ತಿನ ಮೇಲೆ ನೆಂಟರ ಕಣ್ಣು ಇದ್ದೇ ಇದ್ದಿತು. ಇದೇ ಜಂಗೀ ಶಾರ ಮಗಳು ಹಾಜಿ ಬೀಬಿ ಮುಂದೆ ಪಾಲು ಕೇಳಿ ಹೈಕೋರ್ಟಿಗೆ ಹೋದದ್ದೂ, 1908ರಲ್ಲಿ ತೀರ್ಪು ಆಗಾ ಖಾನರ ಪರವಾಗಿ ಬಂದದ್ದೂ ಮುಂಬಯಿಯ ವಕೀಲರೆಲ್ಲ ಬಲ್ಲ ಸಂಗತಿ. ಯಜಮಾನ ಹೋದ ಮೇಲೆ ದೊಡ್ಡ ಮನೆಗಳು ಹೇಗೆ ಕರಗುತ್ತವೆಂಬುದನ್ನು ನಮ್ಮ ಊರುಗಳಲ್ಲಿಯೂ ಕಂಡಿದ್ದೇವೆ. ಮೊದಲು ಗುಮಾಸ್ತ ಮೈಗಳ್ಳನಾಗುತ್ತಾನೆ. ಆಮೇಲೆ ಕಣಜ ಸೋರುತ್ತದೆ. ಕೊನೆಗೆ ಜಮೀನು ಹೋಗುತ್ತದೆ.

ಶಂಸುಲ್ ಮುಲೂಕರು ಮೊದಲು ಕೈಯಿಟ್ಟದ್ದು ಪ್ರಾಣಿಗಳ ವೆಚ್ಚಕ್ಕೆ. ಬೇಟೆನಾಯಿಗಳನ್ನು ಮಾರಿದರು. ಗಿಡುಗಗಳನ್ನು ಮಾರಿದರು. ಲಾಯದಲ್ಲಿದ್ದ ಕುದುರೆಗಳಲ್ಲಿ ಹೆಚ್ಚಿನ ಪಾಲನ್ನು ಮಾರಿದರು. ಆದರೆ ಲಾಯದ ಬಾಗಿಲನ್ನು ಮುಚ್ಚಲಿಲ್ಲ. ಓಟದ ಕುದುರೆಗಳಲ್ಲಿ ಇಪ್ಪತ್ತು ಮೂವತ್ತನ್ನು ಆರಿಸಿ ಇಟ್ಟುಕೊಂಡರು.

ಈ ನಿರ್ಧಾರವನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಮನೆಯ ಹುಡುಗನೊಬ್ಬನನ್ನು ಬಲಿ ತೆಗೆದುಕೊಂಡದ್ದು ಕುದುರೆ. ಮಾರಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಎಲ್ಲವನ್ನೂ ಮಾರಿದ್ದರೆ ಯಾರೂ ಅವರನ್ನು ತಪ್ಪೆಣಿಸುತ್ತಿರಲಿಲ್ಲ; ಎಲ್ಲವನ್ನೂ ಇಟ್ಟುಕೊಂಡಿದ್ದರೆ ಅಭಿಮಾನಿಗಳು ಹೊಗಳುತ್ತಿದ್ದರು, ಮನೆ ಮಾತ್ರ ಮುಳುಗುತ್ತಿದ್ದಿತು. ಗೆಲ್ಲುವ ಕುದುರೆಯೂ ಗೆಲ್ಲದ ಕುದುರೆಯೂ ತಿನ್ನುವುದು ಅಷ್ಟೇ. ಎರಡಕ್ಕೂ ಒಬ್ಬೊಬ್ಬ ಸಾಯಿಸ್ ಬೇಕು, ಎರಡಕ್ಕೂ ಲಾಳ ಹೊಡೆಸಬೇಕು, ಎರಡರ ಜೀನು ಲಗಾಮುಗಳ ತೊಗಲೂ ಒಂದೇ ರೀತಿ ಸವೆಯುತ್ತದೆ. ತೊಗಲಿನ ಕೆಲಸ ಎಷ್ಟು ದುಬಾರಿಯೆಂಬುದನ್ನು ಧಾರಾವಿಯಲ್ಲಿ ಇದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಲಾಯವನ್ನು ಉಳಿಸುವುದೆಂದರೆ ಒಳ್ಳೆಯದನ್ನು ಹೆಕ್ಕಿ ಮಿಕ್ಕುದನ್ನು ಬಿಡುವ ಎದೆಗಾರಿಕೆ. ಹೋಟೆಲು ನಡೆಸಿದವರಿಗೆ ಇದರ ಮರ್ಮ ಚೆನ್ನಾಗಿ ಗೊತ್ತು: ಇಪ್ಪತ್ತು ಬಗೆಯ ತಿಂಡಿ ಮಾಡಿ ರಾತ್ರಿ ಚೆಲ್ಲುವವನಿಗಿಂತ ಆರೇ ಬಗೆ ಮಾಡಿ ಮಾರುವವನ ಗಲ್ಲಾಪೆಟ್ಟಿಗೆ ತುಂಬಿರುತ್ತದೆ. ಇಷ್ಟನ್ನಾದರೂ ಏಕೆ ಇಟ್ಟುಕೊಂಡರು ಎಂಬುದಕ್ಕೆ ನನ್ನ ಊಹೆ ಇಷ್ಟು. ಓಟದ ಬಯಲಿನಲ್ಲಿ ಆ ಮನೆತನದ ಬಣ್ಣ ಕಾಣದೆ ಹೋದರೆ, ಮನೆ ಮುಗಿಯಿತೆಂದು ಊರು ಆಡಿಕೊಳ್ಳುತ್ತಿದ್ದಿತು. ಎಳೆಯ ಮಗನ ಹೆಸರಿನಲ್ಲಿ ಕುದುರೆ ಓಡುತ್ತಿರುವ ತನಕ ಮನೆ ಬದುಕಿದೆಯೆಂದೇ ಅರ್ಥ.

ಅವರು ಲಗಾಮು ಹಿಡಿದವರಲ್ಲ, ಲೆಕ್ಕ ಹಿಡಿದವರು. ಬೆಳಗಿನ ಓಟವನ್ನು ನೋಡಿಕೊಳ್ಳಲು ತರಬೇತುಗಾರರೂ ಸವಾರರೂ ಇದ್ದರು. ಮುಂಬಯಿಯ ಓಟದ ಕಾಲ ಚಳಿಗಾಲದಿಂದ ಬೇಸಗೆಯ ಮೊದಲ ವರೆಗೆ. ಮಳೆ ಹಿಡಿದೊಡನೆ ಓಟ ಪುಣೆಗೆ ಹೋಗುತ್ತದೆ. ಕುದುರೆಗಳೂ ಘಟ್ಟ ಹತ್ತುತ್ತವೆ, ಜನರೂ ಹತ್ತುತ್ತಾರೆ. ಆ ಮನೆತನಕ್ಕೂ ಪುಣೆ ಎರಡನೆಯ ಊರಾದುದು ಹೀಗೆ. ಅಲ್ಲಿ 1892ರಲ್ಲಿ ಬರಗಾಲದ ಬಡವರಿಗೆ ಕೆಲಸ ಕೊಡಲು ಕಟ್ಟಿಸಿದ ಆಗಾ ಖಾನ್ ಅರಮನೆಯನ್ನು ನಮ್ಮವರು ಬಲ್ಲುದು ಬೇರೊಂದು ಕಾರಣಕ್ಕಾಗಿ: 1942ರಲ್ಲಿ ಗಾಂಧೀಜಿಯವರನ್ನು ಸೆರೆಯಿಟ್ಟದ್ದು ಅಲ್ಲಿ, ಮಹಾದೇವ ದೇಸಾಯಿಯವರೂ ಕಸ್ತೂರಬಾ ಅವರೂ ಪ್ರಾಣ ಬಿಟ್ಟದ್ದು ಅಲ್ಲಿ.

ಹುಡುಗನ ಓದಿನಲ್ಲಿಯೂ ತಾಯಿ ಕಟ್ಟುನಿಟ್ಟು. ಫಾರಸಿ, ಅರಬಿಗಳ ಜೊತೆಗೆ ಇಂಗ್ಲಿಷ್ ಕಲಿಸಲು ಬೇರೆ ಶಿಕ್ಷಕರನ್ನು ಇಟ್ಟರು. ಲಾಯದ ಸಂಗತಿಗಳನ್ನು ಹುಡುಗ ಅಲ್ಲೇ ಕೇಳುತ್ತ ಬೆಳೆದ. ಪಶ್ಚಿಮ ಭಾರತದ ಓಟಗಳಲ್ಲಿ ಆಗ ಮುಖ್ಯವೆನಿಸಿದ್ದ ನಿಜಾಮನ ಚಿನ್ನದ ಬಟ್ಟಲನ್ನು ಅವನ ಕುದುರೆಗಳು ಒಂದಕ್ಕಿಂತ ಹೆಚ್ಚು ಸಲ ಗೆದ್ದವು. ವಿಧವೆಯೊಬ್ಬಳು ಅಳೆದು ಸುರಿದು ಉಳಿಸಿದ ಲಾಯ ತನ್ನ ಅನ್ನವನ್ನು ತಾನೇ ದುಡಿಯಲಾರಂಭಿಸಿದ್ದಿತು.

1896ರಲ್ಲಿ ಎರಡು ಆಘಾತಗಳು ಬಂದವು. ಜಂಗೀ ಶಾ ಜೆದ್ದಾದಲ್ಲಿ ಕೊಲೆಯಾದರು. ಅದೇ ವರ್ಷ ಮುಂಬಯಿಗೆ ಪ್ಲೇಗು ಬಂದಿತು. ಸೂಜಿಮದ್ದಿಗೆ ಜನ ಹೆದರಿ ಓಡುತ್ತಿದ್ದಾಗ ತರುಣ ಆಗಾ ಖಾನರು ಎಲ್ಲರೆದುರು ತಾವೇ ಚುಚ್ಚಿಸಿಕೊಂಡರು. ಡಾಕ್ಟರ್ ಹಾಫ್‌ಕಿನ್ನರ ಪ್ರಯೋಗಶಾಲೆಗೆ 1898ರಲ್ಲಿ ತಮ್ಮ ಖುಶ್ರೂ ಲಾಜನ್ನು ಬಿಟ್ಟುಕೊಟ್ಟರು. ಒಬ್ಬನೇ ಮಗನನ್ನು ಉಳಿಸಿಕೊಂಡಿದ್ದ ತಾಯಿಗೆ ಆ ದಿನಗಳು ಹೇಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಮಗ ಬೆಳೆದು ಯುರೋಪಿಗೆ ಹೋದ. ತಾಯಿ ಇಲ್ಲಿಯೇ ಹೆಚ್ಚಾಗಿ ಉಳಿದರು. 1921-22ರ ಸುಮಾರಿಗೆ ಮಗನ ಕುದುರೆಯ ಹಂಬಲ ಇಂಗ್ಲೆಂಡಿನಲ್ಲಿ ಮತ್ತೆ ಚಿಗುರಿತು. ಈ ಸಲ ಅದು ಬರಿಯ ಓಟವಲ್ಲ, ತಳಿ ಬೆಳೆಸುವ ಕೆಲಸ. ಐರ್ಲೆಂಡು, ಫ್ರಾನ್ಸುಗಳಲ್ಲಿ ಫಾರಂಗಳಾದವು. 1922ರಲ್ಲಿ 9,100 ಗಿನಿಗೆ ಕೊಂಡ ಮುಮ್ತಾಜ್ ಮಹಲ್ ಎಂಬ ಹೆಣ್ಣುಮರಿ ಮಿಂಚಿನಂತೆ ಓಡಿದ್ದಲ್ಲದೆ ಮುಂದಿನ ಪೀಳಿಗೆಗಳ ಮೂಲಮಾತೆಯಾಯಿತು. ಕುದುರೆ ಸಾಕುವವರು ತಂದೆಯ ಹೆಸರನ್ನು ಎಷ್ಟು ಹೇಳಿದರೂ ತಾಯಿಯ ಬಳಿಯನ್ನು ಮರೆಯುವುದಿಲ್ಲ. ನಮ್ಮ ಕರಾವಳಿಯ ಅಳಿಯಸಂತಾನದವರಿಗೆ ಈ ಲೆಕ್ಕ ಬೇಗ ತಿಳಿದೀತು. ಡರ್ಬಿ ಓಟವನ್ನು ಆಗಾ ಖಾನರು 1930ರಲ್ಲಿ ಬ್ಲೆನ್‌ಹೈಮಿನಿಂದ, 1935ರಲ್ಲಿ ಬಹ್ರಾಮಿನಿಂದ, 1936ರಲ್ಲಿ ಮಹಮೂದಿನಿಂದ ಗೆದ್ದರು. ಬಹ್ರಾಮ್ ತಾನು ಓಡಿದ ಒಂಬತ್ತು ಓಟಗಳಲ್ಲಿ ಒಂದನ್ನೂ ಸೋಲಲಿಲ್ಲ. ಮಹಮೂದ್ ಮುಮ್ತಾಜ್ ಮಹಲಳ ಮಗಳ ಮಗ. ಇನ್ನೊಂದು ಸಂಗತಿ ಗಮನಿಸತಕ್ಕುದು. ಈ ತಳಿಗಳ ಜೋಡಣೆಯಲ್ಲಿ ಸಲಹೆಗಾರರಾಗಿದ್ದ ಫ್ರೆಂಚ್ ಕರ್ನಲ್ ವ್ಯೂಯ್ಯೇ 1931ರಲ್ಲಿ ತೀರಿಕೊಂಡಾಗ, ಆಗಾ ಖಾನರು ಆ ಕೆಲಸವನ್ನು ಬೇರೆ ಗಂಡಸಿಗೆ ಕೊಡದೆ ಅವರ ವಿಧವೆಗೇ ಒಪ್ಪಿಸಿದರು. ವಿಧವೆಯ ಕೈಯಲ್ಲಿ ಲಾಯ ಕೆಡುವುದಿಲ್ಲವೆಂಬುದನ್ನು ಅವರು ಎಂಟನೆಯ ವಯಸ್ಸಿನಿಂದಲೇ ಕಂಡಿದ್ದರಷ್ಟೆ.

1936ರ ಜನವರಿಯಲ್ಲಿ ಮುಂಬಯಿಯ ಹಸನಾಬಾದಿನಲ್ಲಿ ಆಗಾ ಖಾನರನ್ನು ಚಿನ್ನದಲ್ಲಿ ತೂಗಿದಾಗ ಅವರ ತಾಯಿ ಬದುಕಿದ್ದರು. ಎರಡು ವರ್ಷಗಳ ಮೇಲೆ ಕಾಯಿಲೆ ಮೈಗೆ ಹತ್ತಿದಾಗ, ಗಂಡ ಮಣ್ಣಾದ ನಾಡಿಗೇ ಹೋಗಬೇಕೆಂಬ ಆಸೆಯಿಂದ ಇರಾಕಿಗೆ ಹೊರಟರು. 1938ರ ಫೆಬ್ರವರಿಯಲ್ಲಿ ಬಾಗದಾದಿನಲ್ಲಿ ಅವರು ಕಣ್ಣು ಮುಚ್ಚಿದರು. ನಜಫಿನಲ್ಲಿ ಗಂಡನ ಬಳಿಯಲ್ಲೇ ಅವರನ್ನು ಮಲಗಿಸಲಾಯಿತು.

ಅವರ ಮೊಮ್ಮಗ ಅಲೀ ಖಾನ್ ಚಿತ್ರತಾರೆಯ ಗಂಡನೆಂದು ಪತ್ರಿಕೆಗಳಲ್ಲಿ ಹೆಸರಾದವನು. ಕುದುರೆಗಾರನೆಂದು ಹೆಸರಾದದ್ದು ಅದಕ್ಕಿಂತ ನಿಜವಾದ ಹೆಸರು. 1959ರಲ್ಲಿ ಅವನ ಕುದುರೆಗಳು ಇಂಗ್ಲೆಂಡಿನಲ್ಲಿ ಒಂದೇ ವರ್ಷಕ್ಕೆ ಒಂದು ಲಕ್ಷ ಪೌಂಡಿಗಿಂತ ಹೆಚ್ಚು ಗೆದ್ದವು. ಅಲ್ಲಿ ಅದುವರೆಗೆ ಯಾವ ಒಡೆಯನೂ ಅಷ್ಟು ಗೆದ್ದಿರಲಿಲ್ಲ. ಮರುವರ್ಷವೇ ಪ್ಯಾರಿಸಿನ ಬಳಿ ಮೋಟಾರು ಅಪಘಾತದಲ್ಲಿ ಸತ್ತ. ಮರಿಮಗ ಕರೀಮ್ ಆಗಾ ಖಾನರ ಶೆರ್ಗರ್ 1981ರ ಡರ್ಬಿಯನ್ನು ಗೆದ್ದಿತು. ಕರೀಮರು 2025ರಲ್ಲಿ ತೀರಿಕೊಂಡ ಮೇಲೆ ಕುದುರೆಗಳ ಹೊಣೆ ಅವರ ಮಗಳು ಜಹ್ರಾ ಅವರದು.

ಮುಂಬಯಿಯಲ್ಲಿ ಜಟಕಾ ವಿಕ್ಟೋರಿಯಾಗಳ ಕಾಲ ಮುಗಿದಿದೆ. ವಿನೋದ ಸವಾರಿಯ ವಿಕ್ಟೋರಿಯಾ ಗಾಡಿಗಳನ್ನೂ ಹೈಕೋರ್ಟು 2015ರಲ್ಲಿ ಕಾನೂನುಬಾಹಿರವೆಂದು ಸಾರಿತು. ಮಹಾಲಕ್ಷ್ಮಿಯ ಬಯಲಿನಲ್ಲಿ ಮಾತ್ರ ಕುದುರೆ ಓಡುತ್ತಲೇ ಇದೆ. ಮಜಗಾಂವಿನ ಹಸನಾಬಾದಿನಲ್ಲಿ ಮೊದಲ ಆಗಾ ಖಾನರ ಗೋರಿಯ ಬಿಳಿಯ ಗುಮ್ಮಟವನ್ನು ಈಗಲೂ ನೋಡಬಹುದು. ಹಳೆಯ ಆಗಾ ಹಾಲಿನ ಆವರಣದಲ್ಲಿ ಎದ್ದ ಆಸ್ಪತ್ರೆಗೆ ಇಟ್ಟದ್ದು ಆ ಮೊಮ್ಮಗನ ಹೆಸರನ್ನೇ. ಪ್ರಿನ್ಸ್ ಅಲೀ ಖಾನ್ ಆಸ್ಪತ್ರೆಯ ಹೆಸರನ್ನು ಮುಂಬಯಿಯಲ್ಲಿ ಕೇಳದವರು ಕಡಮೆ. ಕಟ್ಟಡ ಹಳೆಯದಾಗಿ ಅಪಾಯಕರವೆನಿಸಿದ್ದರಿಂದ 2022ರಲ್ಲಿ ಅದರ ಬಾಗಿಲು ಮುಚ್ಚಿತು.