ತಿಂಗಳ ಮಾಮನಿಗೆ ಕೋಲಾಟ

ಮಕ್ಕಳೇ, ಸಂಕ್ರಾಂತಿ ಎಂದರೆ ಎಳ್ಳು ಬೆಲ್ಲ, ಕಬ್ಬು, ಹೊಸ ಬಟ್ಟೆ, ನಮ್ಮ ಕನ್ನಡ ಕೂಟದ ಕಾರ್ಯಕ್ರಮ ಎಂದು ನಿಮಗೆಲ್ಲ ಗೊತ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಪುಷ್ಯ ಮಾಸದಲ್ಲಿ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ಹಬ್ಬ ಬರುತ್ತದೆ. ಅದಕ್ಕೆ ಗುಡಿ ಬೇಡ, ತೇರು ಬೇಡ, ಪೂಜಾರಿಯೂ ಬೇಡ. ದೇವರು ದಿನಾ ಸಂಜೆ ತಾನಾಗಿಯೇ ಆಕಾಶದಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನೇ ತಿಂಗಳ ಮಾಮ, ಅಂದರೆ ನಮ್ಮ ಚಂದ್ರ. ಪಕ್ಕದ ತುಮಕೂರು ಸೀಮೆಯಲ್ಲೂ ಈ ಪೂಜೆ ಉಂಟು.

ಅಮಾವಾಸ್ಯೆ ಕಳೆದು ಪಡುವಣದಲ್ಲಿ ಎಳೆ ಚಂದ್ರ ಕಂಡಿತೋ, ಊರಿನ ಹೆಣ್ಣುಮಕ್ಕಳಿಗೆ ಕೆಲಸ ಶುರು. ಅಂಗಳ ಗುಡಿಸಿ, ಸಗಣಿ ಹಾಕಿ ಸಾರಿಸಿ, ರಂಗೋಲಿಯಲ್ಲಿ ತಿಂಗಳ ಮಾಮನನ್ನು ಬರೆಯುತ್ತಾರೆ. ಮುಂದೆ ದೀಪ ಇಡುತ್ತಾರೆ, ಸಿಕ್ಕ ಹೂ ಏರಿಸುತ್ತಾರೆ, ಸುತ್ತ ಕೂತು ಹಾಡುತ್ತಾರೆ. ಕೂತು ಹಾಡಿದ್ದು ಸಾಲದು ಅನಿಸಿದಾಗ ಎದ್ದು ಕೋಲು ಹಿಡಿಯುತ್ತಾರೆ. ಮೊದಲ ದಿನ ನಾಲ್ಕು ಮನೆಯ ಹುಡುಗಿಯರು ಸೇರಿದರೆ ಮಾರನೆಯ ದಿನ ಅವರ ಅಕ್ಕಂದಿರು, ಚಿಕ್ಕಮ್ಮಂದಿರು, ಆಮೇಲೆ ಮೊಣಕಾಲು ನೋವು ಅನ್ನುತ್ತಿದ್ದ ಅಜ್ಜಿಯರೂ ಬರುತ್ತಾರೆ. ಚಂದ್ರ ಬೆಳೆದಂತೆ ಗುಂಪೂ ಬೆಳೆಯುತ್ತದೆ. ಮನೆಮನೆಯಿಂದ ರಾಗಿ, ಅಕ್ಕಿ, ಬೇಳೆ, ಬೆಲ್ಲ ಕೂಡಿಸಿ, ಹುಣ್ಣಿಮೆಯ ರಾತ್ರಿ ಎಲ್ಲರೂ ಬೆಳದಿಂಗಳಲ್ಲೇ ಒಟ್ಟಿಗೆ ಉಣ್ಣುತ್ತಾರೆ. ರೀತಿ ಮಾತ್ರ ಊರಿಂದೂರಿಗೆ ಬೇರೆ. ನಿಮ್ಮ ಅಜ್ಜಿ ಬೇರೆ ಥರ ಹೇಳಿದರೆ ಅವರ ಊರಿನ ಮಟ್ಟಿಗೆ ಅದೇ ಸರಿ.

ಹಬ್ಬ ಅಮಾವಾಸ್ಯೆಯ ನಂತರ ಶುರುವಾಗಿ ಹುಣ್ಣಿಮೆಗೇ ಮುಗಿಯುವುದು ಯಾಕೆ? ನೀವೇ ಹೊರಗೆ ನಿಂತು ನೋಡಿದರೆ ತಿಳಿಯುತ್ತದೆ. ಚಂದ್ರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಬಿದಿಗೆ ತದಿಗೆಯ ಚಂದ್ರ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತಾನೂ ಮುಳುಗುತ್ತಾನೆ. ಅಷ್ಟಮಿಯ ಅರ್ಧ ಚಂದ್ರ ಮುಸ್ಸಂಜೆಗೆ ನೆತ್ತಿಯ ಹತ್ತಿರ ಇದ್ದು ನಡುರಾತ್ರಿಯವರೆಗೆ ಬೆಳಕು ಕೊಡುತ್ತಾನೆ. ಹುಣ್ಣಿಮೆಯವನು ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿ ಬೆಳಗಿನವರೆಗೂ ಇರುತ್ತಾನೆ. ಅಂದರೆ ಈ ಹದಿನೈದು ದಿನವೂ ಹಾಲು ಕರೆದು, ಅಡಿಗೆ ಮುಗಿಸಿ ಹೊರಗೆ ಬರುವಾಗ ಬೆಳಕು ಕಾಯುತ್ತಿರುತ್ತದೆ, ಆಟಕ್ಕೆ ಸಿಗುವ ಹೊತ್ತೂ ದಿನಾ ಹೆಚ್ಚುತ್ತದೆ. ಹುಣ್ಣಿಮೆ ದಾಟಿತೋ, ಚಂದ್ರನಿಗಾಗಿ ಕತ್ತಲಲ್ಲಿ ಕಾಯಬೇಕು. ವಿದ್ಯುತ್ ದೀಪ ಇಲ್ಲದ ಕಾಲದಲ್ಲಿ ಓದು ಬರಹ ಇಲ್ಲದ ಹೆಂಗಸರು ಆಕಾಶವನ್ನು ಇಷ್ಟು ಚೆನ್ನಾಗಿ ಓದಿದ್ದರು ಎಂದು ನೆನೆದರೆ ನನಗೆ ಹೆಮ್ಮೆಯಾಗುತ್ತದೆ.

ಮಾಸವನ್ನೂ ನೋಡಿ. ದುರ್ಗದ ಸೀಮೆ ಕಡಿಮೆ ಮಳೆಯ ನಾಡು. ಅಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಹಿರಿಯೂರಿನ ಹತ್ತಿರ ಮಾರಿಕಣಿವೆಯ ಅಣೆಕಟ್ಟು ಕಟ್ಟಿದ್ದೇ ಈ ಒಣ ನೆಲಕ್ಕೆ ನೀರು ಕೊಡಲು. ಪುಷ್ಯದ ಹೊತ್ತಿಗೆ ಹಿಂಗಾರು ಮಳೆ ಮುಗಿದು ಆಕಾಶ ತಿಳಿಯಾಗಿರುತ್ತದೆ, ರಾಗಿ ಕೊಯ್ದು ಕಣಕ್ಕೆ ಬಂದಿರುತ್ತದೆ, ಅವರೆಕಾಯಿ ಬಲಿತಿರುತ್ತದೆ. ಈ ಹುಣ್ಣಿಮೆಗೆ ಬನದ ಹುಣ್ಣಿಮೆ ಎಂದು ಹೆಸರು. ಚಳಿಗಾಲದ ಹುಣ್ಣಿಮೆ ಚಂದ್ರ ಬೇಸಿಗೆಯವನಿಗಿಂತ ಆಕಾಶದಲ್ಲಿ ಎತ್ತರಕ್ಕೆ ಏರುತ್ತಾನೆ. ಚಿತ್ರದುರ್ಗದಲ್ಲಂತೂ ನಡುರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ, ಆಡುವವರ ನೆರಳು ಅವರ ಕಾಲಬುಡದಲ್ಲೇ ಬೀಳುತ್ತದೆ. ಅಮೆರಿಕ, ಇಂಗ್ಲೆಂಡಿನಲ್ಲಿರುವ ಮಕ್ಕಳಿಗೂ ಆ ರಾತ್ರಿ ಅವನು ಸಾಕಷ್ಟು ಎತ್ತರದಲ್ಲಿ ಸಿಗುತ್ತಾನೆ. ಆಸ್ಟ್ರೇಲಿಯಾದವರು ಉತ್ತರ ದಿಕ್ಕಿಗೆ, ಸ್ವಲ್ಪ ತಗ್ಗಿನಲ್ಲಿ ಹುಡುಕಬೇಕು.

ಈಗ ಕೋಲಾಟದ ಮಾತು. ಒಬ್ಬೊಬ್ಬರ ಕೈಯಲ್ಲೂ ಎರಡು ಕೋಲು, ಒಂದರಿಂದ ಒಂದೂವರೆ ಅಡಿ ಉದ್ದ, ಹೆಬ್ಬೆರಳಿನ ದಪ್ಪ. ತೊಗಟೆ ಹೆರೆದು ಚೆನ್ನಾಗಿ ಒಣಗಿಸಿದ ಗಟ್ಟಿ ಮರ ಆಗಬೇಕು. ಒಣಗಿದ ಕೋಲು ಟಣ್ ಅನ್ನುತ್ತದೆ, ಹಸಿ ಕೋಲು ದಬ್ ಅನ್ನುತ್ತದೆ. ಕೋಲನ್ನು ಬಿಗಿಯಾಗಿ ಹಿಡಿದರೆ ಮಣಿಕಟ್ಟು ನೋಯುತ್ತದೆ, ನಾದವೂ ಸಾಯುತ್ತದೆ. ಹೆಬ್ಬೆರಳು ಮತ್ತು ಮೊದಲ ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಏಟು ಬಿದ್ದಾಗ ಅದು ತಾನಾಗಿ ಪುಟಿದು ವಾಪಸು ಬರುವಂತೆ ಬಿಡಬೇಕು.

ಆಡುವವರು ಜೋಡಿ ಜೋಡಿಯಾಗಿ ದುಂಡಗೆ ನಿಲ್ಲುತ್ತಾರೆ, ಹಾಗಾಗಿ ಸಂಖ್ಯೆ ಸರಿಸಂಖ್ಯೆ ಆಗಿರಬೇಕು. ಒಬ್ಬರು ಒಂದು ಸಾಲು ಹಾಡುತ್ತಾರೆ, ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಕೋಲು ಹೊಡೆಯುವ ಒಂದೊಂದು ವರಸೆಗೂ ಕೋಪು ಎನ್ನುತ್ತಾರೆ. ತೀರಾ ಸುಲಭದ್ದೊಂದು ಹೇಳುತ್ತೇನೆ: ನಿಮ್ಮ ಎರಡು ಕೋಲನ್ನು ಒಂದಕ್ಕೊಂದು ತಟ್ಟಿ, ನಿಮ್ಮ ಬಲಗೋಲನ್ನು ಎದುರಿನವರ ಬಲಗೋಲಿಗೆ ತಟ್ಟಿ, ಮತ್ತೆ ನಿಮ್ಮವೆರಡನ್ನು ತಟ್ಟಿ, ಎಡಗೋಲನ್ನು ಎಡಗೋಲಿಗೆ ತಟ್ಟಿ. ಇದು ಕೈಗೆ ಹತ್ತಿದ ಮೇಲೆ ಅವರನ್ನು ದಾಟಿ ಮುಂದಿನವರ ಎದುರು ಹೋಗಿ. ಹೀಗೆ ದಾಟುತ್ತಾ ದಾಟುತ್ತಾ ಎದುರಿನಿಂದ ಬರುವವರ ಕೋಲಿಗೆಲ್ಲ ನಿಮ್ಮ ಕೋಲು ತಾಗುತ್ತದೆ. ನನಗೆ ಕೋಲಾಟದಲ್ಲಿ ತುಂಬಾ ಇಷ್ಟವಾದದ್ದು ಇದೇ. ಎದುರು ಬಂದವರು ಮೇಷ್ಟ್ರ ಮಗಳೋ ಕುರಿ ಕಾಯುವವರ ಮಗಳೋ ಎಂದು ನೋಡುತ್ತಾ ನಿಂತರೆ ತಾಳ ತಪ್ಪುತ್ತದೆ!

ಇನ್ನೂ ಪಳಗಿದವರು ಜಡೆ ಕೋಲಾಟ ಆಡುತ್ತಾರೆ. ನಡುವೆ ಎತ್ತರದಿಂದ ಬಣ್ಣಬಣ್ಣದ ಹಗ್ಗ ಇಳಿಬಿಟ್ಟು, ಒಬ್ಬೊಬ್ಬರು ಒಂದೊಂದು ತುದಿ ಹಿಡಿಯುತ್ತಾರೆ. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ, ಒಬ್ಬರ ಒಳಗಿಂದ ಒಬ್ಬರ ಹೊರಗಿಂದ ಕುಣಿದು ಹೋಗುತ್ತಿದ್ದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ಅದೇ ಹೆಜ್ಜೆ ಹಿಂದುಮುಂದಾಗಿ ಹಾಕಿ ಜಡೆ ಬಿಚ್ಚಬೇಕು. ಹೆಣೆಯುವುದಕ್ಕಿಂತ ಬಿಚ್ಚುವುದು ಕಷ್ಟ, ಒಬ್ಬರು ಮರೆತರೂ ಗಂಟು ಬಿತ್ತು. ಇಂಗ್ಲೆಂಡಿನ ಮಕ್ಕಳು ಶಾಲೆಯಲ್ಲಿ ಮೇಪೋಲ್ ಕುಣಿತ ನೋಡಿರುತ್ತೀರಿ. ಅದೂ ಇದೂ ಅಕ್ಕತಂಗಿಯರ ಹಾಗೆ. ಗುಜರಾತಿನ ಗೆಳೆಯರ ದಾಂಡಿಯಾ ನಮ್ಮ ಕೋಲಾಟಕ್ಕೆ ಇನ್ನೂ ಹತ್ತಿರದ ನೆಂಟ.

ಚಿತ್ರದುರ್ಗದ ಸೀಮೆಯಲ್ಲಿ ಕೋಲಾಟ ಎಂದ ಮೇಲೆ ಕಾಡುಗೊಲ್ಲರನ್ನು ನೆನೆಯಲೇಬೇಕು. ದನ, ಕುರಿ ಸಾಕುವ ಜನ ಅವರು. ಅವರ ಊರುಗಳಿಗೆ ಗೊಲ್ಲರಹಟ್ಟಿ ಎನ್ನುತ್ತಾರೆ. ಗಂಡಸರು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ನುಡಿಸಿ ತಮ್ಮ ವೀರ ಜುಂಜಪ್ಪನ ಕತೆ ಹಾಡುತ್ತಾರೆ. ಹೆಣ್ಣುಮಕ್ಕಳ ಹಾಡಿನ ರಾಶಿಯಂತೂ ದೊಡ್ಡದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸಿರಿಯಜ್ಜಿ ಇದ್ದರು. ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಜಾನಪದ ವಿದ್ವಾಂಸರಾದ ಕೃಷ್ಣಮೂರ್ತಿ ಹನೂರು ಅವರು ಅವನ್ನು ಕೇಳಿ ಬರೆದುಕೊಂಡು ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕ ಮಾಡಿದರು. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನಿಗೆ ಹೇಳಿ ಆ ಪುಸ್ತಕ ತರಿಸಿಕೊಳ್ಳಿ.

ಬೀದಿದೀಪ, ಟಿವಿ, ಮೊಬೈಲು ಬಂದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ತಿಂಗಳ ಮಾಮನ ಪೂಜೆ ನಿಂತುಹೋಗಿದೆ. ನನಗೆ ಇದು ನಿಜಕ್ಕೂ ಸಂಕಟದ ಸಂಗತಿ. ಕೋಲಾಟ ಮಾತ್ರ ಶಾಲೆಯ ವಾರ್ಷಿಕೋತ್ಸವದಲ್ಲಿ, ನಮ್ಮಂಥ ಕೂಟಗಳ ವೇದಿಕೆಯಲ್ಲಿ ಉಳಿದಿದೆ. ವೇದಿಕೆ ಹತ್ತಿದ ಕೋಲಾಟದಲ್ಲಿ ಎಂಟು ಜನ ಆಡುತ್ತಾರೆ, ನೂರು ಜನ ಫೋನ್ ಹಿಡಿದು ನೋಡುತ್ತಾರೆ. ತಿಂಗಳ ಮಾಮನ ಅಂಗಳದಲ್ಲಿ ನೋಡುವವರು ಅಂತ ಬೇರೆ ಇರಲಿಲ್ಲ. ಕೋಲು ಸಿಗದವರು ಚಪ್ಪಾಳೆ ತಟ್ಟಿ ಸೊಲ್ಲು ಹಾಡುತ್ತಿದ್ದರು.

ಅದಕ್ಕೇ ಕೂಟದ ಹಿರಿಯರಲ್ಲಿ ನನ್ನದೊಂದು ಕೋರಿಕೆ. 2027ರ ಬನದ ಹುಣ್ಣಿಮೆ ಜನವರಿ 22ಕ್ಕೆ ಬಿದ್ದಿದೆ, ಶುಕ್ರವಾರ. ಮಾರನೆಯ ದಿನ ಶಾಲೆ ಇಲ್ಲ. ಸಭಾಂಗಣ ಬೇಡ, ಮೈಕು ಬೇಡ. ಯಾರದಾದರೂ ಹಿತ್ತಲೋ ಪಾರ್ಕೋ ಸಾಕು. ಚಳಿ ಇರುವ ಕಡೆ ಕೋಟು, ಟೋಪಿ ಹಾಕಿಕೊಂಡು ಬನ್ನಿ, ಕೈಗವಸು ಮಾತ್ರ ಬಿಚ್ಚಿಡಿ, ಕೋಲು ಜಾರುತ್ತದೆ. ಹಿಮ ಬಿದ್ದಿದ್ದರೆ ತಿಂಗಳ ಮಾಮನನ್ನು ಅರಿಸಿನ ಕುಂಕುಮದಲ್ಲಿ ಬರೆಯೋಣ. ಪ್ರತಿ ಮನೆಯಿಂದ ಒಂದು ಡಬ್ಬಿ ಊಟ ಬರಲಿ, ಅವರೆಕಾಳು ಹುಳಿ ಯಾರು ತರುತ್ತೀರಿ ಎಂದು ಈಗಲೇ ಹೇಳಿಬಿಡಿ. ಕೋಲುಗಳನ್ನು ನಾನು ತರುತ್ತೇನೆ. ಮಕ್ಕಳೇ, ಅಷ್ಟರೊಳಗೆ ಮೇಲೆ ಹೇಳಿದ ಕೋಪು ಕಲಿತಿರಿ. ಮನೆಯಲ್ಲಿರುವ ಮರದ ಸೌಟಿನಲ್ಲೇ ಅಭ್ಯಾಸ ಮಾಡಬಹುದು, ಅಮ್ಮನನ್ನು ಕೇಳಿ ತಗೊಳ್ಳಿ.