ತ್ಯಾಗವೀರ ಶಿರಸಂಗಿ ಲಿಂಗರಾಜರು

ಬೆವರು ಸುರಿಸಿ ಗಳಿಸಿದ ಹಣಕ್ಕೆ ಒಡೆಯನು ಒಬ್ಬನೇ. ಅನಾಯಾಸವಾಗಿ ಒದಗಿದ ಸಿರಿಗೆ ಒಡೆಯರೆನ್ನಿಸಿಕೊಳ್ಳಬಯಸುವವರು ಹಲವರು. ಹೊಲಕ್ಕೆ ಪರಿಹಾರಧನ ಬಂದಾಗ, ಹಿರಿಯರ ಆಸ್ತಿ ಕೈಸೇರಿದಾಗ ಬಂಧುಬಾಂಧವರ ಬೇಡಿಕೆಗಳು ಬಾಗಿಲಿಗೆ ಬಂದು ನಿಲ್ಲುವುದನ್ನು ಸದ್ಭಕ್ತರಾದ ಗೃಹಸ್ಥರೆಲ್ಲರೂ ಬಲ್ಲರು. ಇಲ್ಲವೆಂದರೆ ನಂಟು ಮುರಿಯುವುದು. ಎಲ್ಲರಿಗೂ ಅಹುದೆಂದರೆ ಗಂಟು ಕರಗುವುದು. ಈ ಇಕ್ಕಟ್ಟಿನಲ್ಲಿ ಸಿಲುಕಿದವರು ಮನನ ಮಾಡಬೇಕಾದ ಪುಣ್ಯಚರಿತ್ರೆಯೊಂದು ನಮ್ಮ ಸಮಾಜದಲ್ಲಿಯೇ ಇರುವುದು.

ಲಿಂಗರಾಜರು 1861ರಲ್ಲಿ ಶಿಗ್ಲಿ ಗ್ರಾಮದಲ್ಲಿ ಜನಿಸಿದರು. ಇಂದು ಗದಗ ಜಿಲ್ಲೆಗೆ ಸೇರಿರುವ ಆ ಊರಿನ ಮನೆಯಲ್ಲಿ ಅವರಿಗಿದ್ದ ಹೆಸರು ರಾಮಪ್ಪ. ಬಾಲ್ಯದಲ್ಲಿಯೇ ಅವರನ್ನು ನವಲಗುಂದ-ಶಿರಸಂಗಿ ದೇಸಗತಿಯ ಮನೆತನಕ್ಕೆ ದತ್ತಕ ತೆಗೆದುಕೊಳ್ಳಲಾಯಿತು. ಹೀಗೆ ರಾಮಪ್ಪನು ಲಿಂಗರಾಜನಾದನು. ಆ ಬಾಲಕನು ಬೇಡಿ ಪಡೆದ ಸಿರಿಯಲ್ಲ ಅದು, ದುಡಿದು ಗಳಿಸಿದ ಸಿರಿಯೂ ಅಲ್ಲ.

ದತ್ತಕವೆಂಬುದು ಸುಖದ ಬಾಗಿಲು ಮಾತ್ರವೆಂದು ತಿಳಿಯಲಾಗದು. ದತ್ತಕ ಹೋದವನಿಗೆ ಹೆತ್ತ ಮನೆಯ ಆಸ್ತಿಯಲ್ಲಿ ಹಕ್ಕು ಅಳಿಯುವುದು. ಆದರೆ ಹೆತ್ತ ಕರುಳಿನ ಸಂಬಂಧವು ಯಾವ ಕಟ್ಟಳೆಯಿಂದಲೂ ಅಳಿಯದು. ಹುಟ್ಟಿದ ಮನೆಯವರು ನಮ್ಮವನೆನ್ನುವರು, ಹೊಕ್ಕ ಮನೆಯ ದಾಯಾದಿಗಳು ಹೊರಗಿನಿಂದ ಬಂದವನೆನ್ನುವರು. ಇಂತಹ ಸ್ಥಾನದಲ್ಲಿ ನಿಂತವನಿಗೆ ತನ್ನವರು ಯಾರೆಂಬ ಪ್ರಶ್ನೆಯು ಬರಿಯ ವೇದಾಂತವಾಗಿ ಉಳಿಯುವುದಿಲ್ಲ.

ಲಿಂಗರಾಜರು ಆ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತರು. ಅವರ ಕಾಲದಲ್ಲಿ ನಮ್ಮ ಜನರೊಳಗೆ ವಿದ್ಯೆಯು ಬಹು ವಿರಳವಾಗಿತ್ತು. ಒಕ್ಕಲುತನ ವ್ಯಾಪಾರಗಳಲ್ಲಿ ನಿಪುಣರಾದವರೂ ಮಕ್ಕಳನ್ನು ದೂರದ ಊರಿಗೆ ಕಳುಹಿಸಿ ಓದಿಸಲಾರದೆ ಇದ್ದರು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಹಿರಿಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿದ್ದು ಈ ಕೊರತೆಯನ್ನು ನೀಗಿಸಲೆಂದೇ. ಮುಂದೆ ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ಜರುಗಿದಾಗ ಲಿಂಗರಾಜರೇ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಮರುವರ್ಷ ಬೆಂಗಳೂರಿನಲ್ಲಿ ನೆರೆದ ಅಧಿವೇಶನಕ್ಕೂ ಅವರೇ ಅಧ್ಯಕ್ಷರು.

ಸಂಸ್ಥಾನವನ್ನು ಮುಂದೆ ಆಳುವ ಮಕ್ಕಳು ಅವರಿಗಿರಲಿಲ್ಲ. ಉತ್ತರಾಧಿಕಾರಿಯಿಲ್ಲದ ಐಶ್ವರ್ಯದ ಸುತ್ತ ಎಷ್ಟು ಕಣ್ಣುಗಳು ತಿರುಗುವವೆಂಬುದನ್ನು ಹೇಳಬೇಕಾಗಿಲ್ಲ. ಲಿಂಗರಾಜರು 1906ರಲ್ಲಿ, ಇನ್ನೂ ನಾಲ್ವತ್ತೈದರ ವಯಸ್ಸಿನಲ್ಲಿ, ಮೃತ್ಯುಪತ್ರವನ್ನು ಬರೆಯಿಸಿ ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆ ಮುಡಿಪಾಗಿರಿಸಿದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಲಿಂಗೈಕ್ಯರಾದರು.

ಬಳಿಕ ಆದುದು ಸುಲಭದ ಕಥೆಯಲ್ಲ. ಆಸ್ತಿಯು ತಮಗೆ ಸೇರಬೇಕೆಂದು ವಾದಿಸಿದವರಿದ್ದರು. ವ್ಯಾಜ್ಯವು ವರ್ಷಗಟ್ಟಲೆ ನಡೆಯಿತು. ದಾನಿಯು ಕಣ್ಮರೆಯಾಗಿದ್ದರೂ ಅವರು ಬರೆದಿಟ್ಟ ಸಂಕಲ್ಪವು ಅಳಿಯಲಿಲ್ಲ. ಕೊನೆಗೆ ನವಲಗುಂದ-ಶಿರಸಂಗಿ ಟ್ರಸ್ಟು ನೆಲೆಗೊಂಡು, ಬಡ ವಿದ್ಯಾರ್ಥಿಗಳಿಗೆ ವೇತನ ದೊರೆಯುವಂತಾಯಿತು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯ ಕಾಲೇಜು ಇಂದು ಲಿಂಗರಾಜರ ಹೆಸರನ್ನು ಹೊತ್ತು ನಿಂತಿರುವುದು. ಸಮಾಜವು ಅವರನ್ನು ತ್ಯಾಗವೀರರೆಂದು ಕರೆದುದು ಉಚಿತವೇ ಸರಿ.

ಈ ಚರಿತ್ರೆಯನ್ನು ಕೇಳಿ, ಬಂಧುಗಳನ್ನು ಬರಿಗೈಯಲ್ಲಿ ಕಳುಹಿಸಬೇಕೆಂದು ಯಾರೂ ಅರ್ಥಮಾಡಬಾರದು. ಹಸಿದ ಒಡಹುಟ್ಟಿದವನನ್ನು ಬಿಟ್ಟು ಊರಿಗೆ ಉಣಬಡಿಸುವುದು ದಾಸೋಹವಲ್ಲ. ಗಂಡನು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನವರು ಅವಶ್ಯಕತೆಗೂ ಆಸೆಗೂ ನಡುವಣ ಗೆರೆಯನ್ನು ನಮಗೆ ತೋರಿದ್ದಾರೆ. ಬೇಡುವವರ ವಿಷಯದಲ್ಲಿಯೂ ಆ ಗೆರೆಯೇ ಅಳತೆಗೋಲು. ರೋಗ, ಹಸಿವು, ವಿದ್ಯೆಗಳಿಗಾಗಿ ಬಂದ ಕೈಯನ್ನು ತುಂಬಬೇಕು. ಆಡಂಬರಕ್ಕಾಗಿ ಬಂದುದಕ್ಕೆ ಸವಿನುಡಿಯಿಂದಲೇ ಇಲ್ಲವೆನ್ನಬೇಕು. ಮರಳಿ ಬಾರದಿದ್ದರೆ ಮನಸ್ಸು ಕಹಿಯಾಗುವಂತಹ ಹಣವನ್ನು ನಂಟರಿಗೆ ಸಾಲವೆಂದು ಕೊಡುವುದಕ್ಕಿಂತ, ನೆಮ್ಮದಿಯಿಂದ ಮರೆಯಬಲ್ಲಷ್ಟನ್ನು ದಾನವೆಂದು ಕೊಡುವುದೇ ಲೇಸು. ನಗದು ಕೈಗಿಡುವುದಕ್ಕಿಂತ ಅಣ್ಣನ ಮಗನ ಶಾಲೆಯ ಶುಲ್ಕವನ್ನು ಸಲ್ಲಿಸುವುದು ಮೇಲು; ಏಕೆಂದರೆ ಓದಿದವನು ನಾಳೆ ಬೇಡುವವನಾಗಿ ಉಳಿಯನು.

ಇನ್ನೊಂದು ಪಾಠವಿದೆ. ಲಿಂಗರಾಜರು ತಮ್ಮ ನಿಶ್ಚಯವನ್ನು ಬದುಕಿರುವಾಗಲೇ, ಬರಹದಲ್ಲಿಯೇ ಮಾಡಿಟ್ಟರು. ಬಾಯಿಮಾತಿನಲ್ಲಿ ಉಳಿದಿದ್ದರೆ ಅದು ವ್ಯಾಜ್ಯದ ಮೊದಲ ಹೊಡೆತಕ್ಕೇ ಕೊಚ್ಚಿಹೋಗುತ್ತಿತ್ತು. ಕೊಡುವುದೆಷ್ಟು, ಯಾರಿಗೆ, ಯಾವುದಕ್ಕೆ ಎಂಬುದನ್ನು ಕೇಳುವವರು ಬರುವ ಮುನ್ನವೇ ಸತಿಪತಿಗಳಿಬ್ಬರೂ ಕೂಡಿ ಗೊತ್ತುಪಡಿಸಿಕೊಂಡ ಮನೆಯಲ್ಲಿ ಕಲಹಕ್ಕೆ ಎಡೆಯು ಕಡಿಮೆ.

ಬೇರೆ ಮನೆಯಿಂದ ಬಂದ ಮಗನು ಆ ಮನೆಯ ಸಿರಿಯನ್ನು ಎಲ್ಲ ಮನೆಗಳ ಮಕ್ಕಳಿಗೆ ಹಂಚಿದನು. ತನ್ನವರನ್ನು ಅವನು ತೊರೆಯಲಿಲ್ಲ. ತನ್ನವರೆಂಬ ಮಾತಿನ ಎಲ್ಲೆಯನ್ನು ವಿಸ್ತರಿಸಿದನು. ಗುರುಕೃಪೆಯಿಂದ ಆ ಬುದ್ಧಿಯು ನಮಗೂ ಲಭಿಸಲಿ.